ತೀವ್ರ ಅಲರ್ಜಿ: ಮೊದಲ ಚುಚ್ಚುಮದ್ದು ಯಾವುದು?

ಹೆಜ್ಜೇನಿನ ಕಡಿತ, ಪೆನಿಸಿಲಿನ್, ನೆಲಗಡಲೆ ಇವು ಕೆಲವರಿಗೆ ವಿಷಪ್ರಾಯವಾಗುವುದುಂಟು. ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಕುಸಿಯುತ್ತದೆ. ಗಂಟಲು ಬಾತು ಉಸಿರು ಕಟ್ಟುತ್ತದೆ. 1902ರಲ್ಲಿ ಫ್ರಾನ್ಸಿನ ಪೋರ್ತಿಯೇ ಮತ್ತು ರಿಶೆ ಎಂಬ ವಿಜ್ಞಾನಿಗಳು ಇದಕ್ಕೆ ‘ಅನಾಫಿಲಾಕ್ಸಿಸ್’ ಎಂದು ಹೆಸರಿಟ್ಟರು.

ಇಂತಹ ಸಂದರ್ಭದಲ್ಲಿ ವೈದ್ಯರು ಮೊದಲು ಕೊಡಬೇಕಾದುದು ಅಡ್ರಿನಲಿನ್: ವಯಸ್ಕರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಗುಣ ಕಾಣದಿದ್ದರೆ 5 ನಿಮಿಷದ ಬಳಿಕ ಮತ್ತೊಮ್ಮೆ. ಅದು ರಕ್ತನಾಳಗಳನ್ನು ಬಿಗಿಗೊಳಿಸಿ ಶ್ವಾಸನಾಳಗಳನ್ನು ತೆರೆಯುತ್ತದೆ. ಆದರೂ ಹೃದಯಕ್ಕೆ ಕೇಡಾದೀತೆಂಬ ಅಂಜಿಕೆಯಿಂದ ಅವಿಲ್, ಸ್ಟೀರಾಯ್ಡ್‌ಗಳನ್ನೇ ಮೊದಲು ಕೊಡುವ ವೈದ್ಯರು ಇಂದಿಗೂ ಇದ್ದಾರೆ. ಈ ಅಂಜಿಕೆ ಸ್ಥಾನತಪ್ಪಿದ್ದು; ಸ್ನಾಯುವಿಗೆ ಕೊಡುವ ಈ ಪ್ರಮಾಣಕ್ಕಿಂತ ವಿಳಂಬವೇ ಹೆಚ್ಚು ಘಾತಕ. ಅವಿಲ್ ತುರಿಕೆಯನ್ನು ಶಮನಗೊಳಿಸೀತೇ ಹೊರತು ಕುಸಿದ ರಕ್ತದೊತ್ತಡವನ್ನು ಎತ್ತಲಾರದು. ಸ್ಟೀರಾಯ್ಡ್ ಫಲ ಕೊಡಲು ಗಂಟೆಗಳೇ ಬೇಕು. ಲಕ್ಷಣಗಳು ಮರುಕಳಿಸುವ ಸಂಭವವಿರುವುದರಿಂದ, ಚೇತರಿಸಿಕೊಂಡ ರೋಗಿಯನ್ನೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತಾರೆ.