ಯಕ್ಷಗಾನ ಪ್ರದರ್ಶನ ವಿಮರ್ಶೆ

ಯಕ್ಷಗಾನ ಪ್ರದರ್ಶನ ವಿಮರ್ಶೆ ಎಂದರೆ ರಂಗಸ್ಥಳದ ಆಟವನ್ನೋ ತಾಳಮದ್ದಳೆಯನ್ನೋ ಪ್ರತ್ಯಕ್ಷವಾಗಿ ನೋಡಿ ಅದರ ಗುಣದೋಷಗಳನ್ನು ವಿವೇಚಿಸುವ ಬರವಣಿಗೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಬಡಗುತಿಟ್ಟಿನ ಆಟಕ್ಕೂ ತಾಳಮದ್ದಳೆಗೂ ನುರಿತ ಪ್ರೇಕ್ಷಕವರ್ಗವಿದೆ. ಭಾಗವತರಾದ ನೆಬ್ಬೂರು ನಾರಾಯಣ ಭಾಗವತ ಹಾಗೂ ಪ್ರಸಂಗಕರ್ತರೂ ಆಗಿದ್ದ ಹೊಸ್ತೋಟ ಮಂಜುನಾಥ ಭಾಗವತ ಶಿರಸಿ ಸೀಮೆಯವರು. ಇಲ್ಲಿ ವಿಮರ್ಶೆ ಬರಹಕ್ಕಿಂತ ಹೆಚ್ಚಾಗಿ ಮಾತಿನಲ್ಲಿಯೇ ಬೆಳೆದಿದೆ. ಆಟ ಮುಗಿದ ಮರುದಿನ ಮನೆಯ ಜಗುಲಿಯಲ್ಲಿ ನಡೆಯುವ ಚರ್ಚೆ ಅಚ್ಚಿನ ವಿಮರ್ಶೆಗಿಂತ ನಿಷ್ಠುರವಾಗಿರುವುದುಂಟು.

ಪಠ್ಯ ಮತ್ತು ಪ್ರಯೋಗ

ಮುದ್ರಿತ ನಾಟಕದ ವಿಮರ್ಶಕನಿಗೆ ಸಂಭಾಷಣೆಯ ಪಠ್ಯ ಕೈಯಲ್ಲಿರುತ್ತದೆ. ಯಕ್ಷಗಾನದ ಪ್ರಸಂಗದಲ್ಲಿ ಬರೆದಿರುವುದು ಮುಖ್ಯವಾಗಿ ಪದ್ಯಗಳು. ಅವುಗಳ ಅರ್ಥವನ್ನು ಕಲಾವಿದ ಆ ಕ್ಷಣದಲ್ಲಿಯೇ ಕಟ್ಟಿ ಹೇಳುತ್ತಾನೆ. ಆದ್ದರಿಂದ ಇಂದು ಶಿರಸಿಯಲ್ಲಿ ನಡೆದ 'ಕೃಷ್ಣಸಂಧಾನ' ನಾಳೆ ಅದೇ ಕಲಾವಿದರಿಂದ ಸಿದ್ದಾಪುರದಲ್ಲಿ ನಡೆದರೂ ಬೇರೆಯದಾಗುತ್ತದೆ. ಕೌರವನ ಪಾತ್ರಧಾರಿ ತನ್ನ ಪಕ್ಷವನ್ನು ಬಲವಾಗಿ ಸಮರ್ಥಿಸಿದರೆ ಕೃಷ್ಣನ ಮಾತಿಗೂ ಸತ್ತ್ವ ಬರುತ್ತದೆ. ಅವನನ್ನು ಬರಿಯ ದುಷ್ಟನನ್ನಾಗಿಸಿದರೆ ಸಂಧಾನವೇ ಸಪ್ಪೆಯಾಗುತ್ತದೆ. ವಾದಕ್ಕೆ ವಾದ ಬೆಳೆದು ಪದ್ಯದ ಆಶಯವೇ ಮರೆಯಾಗುವ ಅಪಾಯ, ವೇಷವೂ ಕುಣಿತವೂ ಇಲ್ಲದ ತಾಳಮದ್ದಳೆಯಲ್ಲಿ ಇನ್ನೂ ಹೆಚ್ಚು. ಧ್ವನಿಮುದ್ರಣವಿಲ್ಲದ ಪ್ರದರ್ಶನದಲ್ಲಿ ಇಂತಹ ಮಾತುಗಾರಿಕೆಗೆ ಉಳಿಯುವ ಲಿಖಿತ ಸಾಕ್ಷ್ಯ ಹಲವು ವೇಳೆ ವಿಮರ್ಶೆಯೊಂದೇ. ಹೊಗಳಿಕೆಯ ವಿಶೇಷಣಗಳಿಗಿಂತ, ಯಾವ ಪದ್ಯಕ್ಕೆ ಯಾರು ಏನು ಹೇಳಿದರೆಂಬ ವಿವರ ಮುಂದಿನವರಿಗೆ ಉಪಯುಕ್ತವಾಗುವುದು ಇದರಿಂದಲೇ.

ಮಾನದಂಡಗಳು

ಈ ವಿಮರ್ಶೆಯಲ್ಲಿ ಮತ್ತೆ ಮತ್ತೆ ಬರುವ ಪದ ಔಚಿತ್ಯ. ಭಾಗವತನ ಹಾಡು, ಮದ್ದಳೆ, ಚಂಡೆ, ವೇಷಗಾರಿಕೆ, ಕುಣಿತ, ಅಭಿನಯ, ಮಾತು ಇವೆಲ್ಲ ಪಾತ್ರಕ್ಕೆ ಹೊಂದಿವೆಯೇ ಎಂಬುದು ಮುಖ್ಯ ಪ್ರಶ್ನೆ. ಆದರೆ ಔಚಿತ್ಯಕ್ಕೆ ಒಂದೇ ಅಳತೆಗೋಲಿಲ್ಲ. ಭಸ್ಮಾಸುರ, ಕೀಚಕ ಪಾತ್ರಗಳಲ್ಲಿ ಪ್ರಸಿದ್ಧರಾದ ಚಿಟ್ಟಾಣಿ ರಾಮಚಂದ್ರ ಹೆಗಡೆ (1933–2017) ಅವರ ಕುಣಿತದ ಆವೇಗವನ್ನು ಮೆಚ್ಚುವ ದೃಷ್ಟಿಯಿಂದ ಕೆರೆಮನೆ ಶಂಭು ಹೆಗಡೆ (1938–2009) ಅವರ ಸಂಯಮದ ಪಾತ್ರಚಿತ್ರಣವನ್ನು ಅಳೆಯಲಾಗದು. ಇಬ್ಬರೂ ಕರಾವಳಿಯ ಹೊನ್ನಾವರ ತಾಲ್ಲೂಕಿನವರಾದರೂ ಘಟ್ಟದ ಮೇಲಿನ ಪ್ರೇಕ್ಷಕರ ಅಭಿರುಚಿಯನ್ನು ರೂಪಿಸಿದವರು.

ಬರವಣಿಗೆಯ ಪರಂಪರೆ

ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' (1957) ಈ ಕಲೆಯ ಅಧ್ಯಯನಕ್ಕೆ ಬುನಾದಿ ಹಾಕಿದ ಕೃತಿಗಳಲ್ಲೊಂದು. ವಿಮರ್ಶಕರೂ ಅರ್ಥಧಾರಿಗಳೂ ಆದ ಎಂ. ಪ್ರಭಾಕರ ಜೋಶಿ ಅವರ 'ಜಾಗರ', 'ಕೇದಗೆ' ಸಂಕಲನಗಳು ಯಕ್ಷಗಾನ ವಿಮರ್ಶೆಯಲ್ಲಿ ಮುಖ್ಯವಾದವು. ಸಿದ್ದಾಪುರಕ್ಕೆ ನೆರೆಯಾದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಸ್ಥಾಪನೆಯಾದ ನೀನಾಸಮ್, ತನ್ನ ಸಂಸ್ಕೃತಿ ಶಿಬಿರಗಳಲ್ಲಿ ಹಿಂದಿನ ರಾತ್ರಿಯ ಪ್ರದರ್ಶನವನ್ನು ಮರುದಿನ ಚರ್ಚಿಸುವ ರೂಢಿಯನ್ನು ಬೆಳೆಸಿದೆ.

ತೊಡಕುಗಳು

ಪತ್ರಿಕೆಗಳಲ್ಲಿ ವಿಮರ್ಶೆಯ ಹೆಸರಿನಲ್ಲಿ ಬರುವುದು ಅನೇಕ ವೇಳೆ ವರದಿ ಮಾತ್ರ. ಸಂಘಟಕರು, ಅತಿಥಿಗಳು ಮತ್ತು ಸನ್ಮಾನಿತರ ಹೆಸರುಗಳಲ್ಲಿಯೇ ಅದು ಮುಗಿಯುತ್ತದೆ. ಕಲಾವಿದನೂ ವಿಮರ್ಶಕನೂ ಒಂದೇ ಸೀಮೆಯ ಪರಿಚಿತರು, ಕೆಲವೊಮ್ಮೆ ನೆಂಟರು. ದೋಷ ಹೇಳಲು ಸಂಕೋಚ ಸಹಜ. ಇಡೀ ರಾತ್ರಿಯ ಆಟದ ಜಾಗದಲ್ಲಿ ಕೆಲವೇ ಗಂಟೆಗಳ ಕಾಲಮಿತಿ ಪ್ರದರ್ಶನಗಳು ಹೆಚ್ಚಿದ ಮೇಲೆ ಮತ್ತೊಂದು ಪ್ರಶ್ನೆ ಎದ್ದಿದೆ: ನಿಧಾನವಾಗಿ ಬೆಳೆಯಬೇಕಾದ ಪಾತ್ರವನ್ನು ಸಂಕ್ಷೇಪಿಸಿದಾಗ ಕೊರತೆ ಕಂಡರೆ, ಅದು ಕಲಾವಿದನದೋ, ಪದ್ಯಗಳನ್ನು ಕತ್ತರಿಸಿದವರದೋ? ಇದನ್ನು ಬೇರ್ಪಡಿಸಿ ಹೇಳಲು ವಿಮರ್ಶಕನಿಗೆ ಮೂಲ ಪ್ರಸಂಗದ ಪರಿಚಯವಿರಬೇಕು.