ಚಳಿಗಾಲದ ಬೇಸರಕ್ಕೆ ಮನೆಯ ಯಾವ ದಿಕ್ಕು? ಕೊಂಡಾಪುರದ ಕನ್ನಡ ಕುಟುಂಬಗಳಿಗೆ



ಡಿಸೆಂಬರ್ ಬಂತೆಂದರೆ ಫ್ಯಾಮಿಲಿ ಗ್ರೂಪುಗಳಲ್ಲಿ ಫೆಂಗ್ ಶುಯಿ ಮೆಸೇಜುಗಳು ಓಡಾಡತೊಡಗುತ್ತವೆ. ಬಾಗಿಲಿಗೆ ಗಾಳಿಗಂಟೆ ಕಟ್ಟಿ, ಹಾಲ್‌ನಲ್ಲಿ ನಗುವ ಬುದ್ಧನನ್ನು ಕೂರಿಸಿ, ಮನಸ್ಸಿನ ಮಂಕು ಓಡಿಹೋಗುತ್ತದೆ ಅಂತ. ಬುದ್ಧ ಇದ್ದರೆ ಇರಲಿ ಬಿಡಿ, ಯಾರಿಗೂ ತೊಂದರೆಯಿಲ್ಲ. ಆದರೆ ಫೆಂಗ್ ಶುಯಿಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಮಾತು ಬೇರೆಯೇ ಇದೆ, ಅದಕ್ಕೆ ಒಂದು ರೂಪಾಯಿಯೂ ಬೇಡ.

ಫೆಂಗ್ ಶುಯಿ ಅಂದರೆ ಗಾಳಿ, ನೀರು. ಚೀನಾದ ಹಳೆಯ ಮನೆಗಳು ಉತ್ತರದ ಚಳಿಗಾಳಿಗೆ ಬೆನ್ನು ಕೊಟ್ಟು, ದಕ್ಷಿಣಕ್ಕೆ ಮುಖ ಮಾಡಿರುತ್ತಿದ್ದವು. ಚಳಿಗಾಲದಲ್ಲಿ ಸೂರ್ಯ ಇರುವುದು ಆ ಕಡೆಗೇ! ಕೊಂಡಾಪುರದಲ್ಲೂ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಹುಟ್ಟುವುದು ನೇರ ಪೂರ್ವದಲ್ಲಲ್ಲ, ಸುಮಾರು 25 ಡಿಗ್ರಿ ಆಗ್ನೇಯದ ಕಡೆಗೆ ಸರಿದು. ಮಧ್ಯಾಹ್ನವೂ ನೆತ್ತಿಯ ಮೇಲೆ ಬರುವುದಿಲ್ಲ, ದಕ್ಷಿಣದಲ್ಲಿ 49 ಡಿಗ್ರಿ ಎತ್ತರಕ್ಕೆ ನಿಲ್ಲುತ್ತಾನೆ. ಹಾಗಾಗಿ ವಾಸ್ತು ನೋಡಿ ನಾವು ಬೇಡವೆನ್ನುವ ದಕ್ಷಿಣದ ಕಿಟಕಿಯಿಂದಲೇ ಈಗ ಗಂಟೆಗಟ್ಟಲೆ ಬಿಸಿಲು ಒಳಗೆ ಬರುತ್ತದೆ. ಉತ್ತರದ ಕೋಣೆಗೆ ನೇರ ಬಿಸಿಲೇ ಇಲ್ಲ. ಬಾಗಿಲು ಬದಲಿಸುವುದು ಬೇಡ, ಕುರ್ಚಿ ಬದಲಿಸಿದರೆ ಸಾಕು.

ಬಿಸಿಲಿಗೂ ಮನಸ್ಸಿಗೂ ಏನು ಸಂಬಂಧ ಅಂತ ಕೇಳಬಹುದು. 1984ರಲ್ಲಿ ಅಮೆರಿಕದ ವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು, ಪ್ರತಿ ಚಳಿಗಾಲಕ್ಕೂ ಮರುಕಳಿಸುವ ಖಿನ್ನತೆಯನ್ನು ವಿವರಿಸಿದರು. ಅದಕ್ಕೆ ಕೊಡುವ ಬೆಳಕಿನ ಚಿಕಿತ್ಸೆ ಎಂದರೆ ಬೆಳಗ್ಗೆ 10,000 ಲಕ್ಸ್ ಬೆಳಕಿನ ಮುಂದೆ ಅರ್ಧ ಗಂಟೆ. ನಮ್ಮ ಟ್ಯೂಬ್‌ಲೈಟಿನ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್ ಮಾತ್ರ. ಮೋಡವಿದ್ದರೂ ಬಯಲಿನಲ್ಲಿ ಸಾವಿರಗಟ್ಟಲೆ ಇರುತ್ತದೆ.

ಹೈದರಾಬಾದಿನಲ್ಲಿ ಅತಿ ಚಿಕ್ಕ ಹಗಲೂ 11 ಗಂಟೆ ಇರುತ್ತದೆ. ಯುರೋಪಿನ ಕತ್ತಲೆ ನಮಗಿಲ್ಲ. ಇಲ್ಲಿ ಹಗಲನ್ನು ಕದಿಯುವುದು ಶಿಫ್ಟು. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಯವರೆಗೆ ನಮ್ಮ ಸಂಜೆ 6:30ಕ್ಕೆ ಆಗುತ್ತಿದ್ದ ನ್ಯೂಯಾರ್ಕಿನ ಬೆಳಗಿನ 9 ಗಂಟೆ, 7:30ಕ್ಕೆ ಸರಿಯುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಮಲಗುತ್ತಿದ್ದ ಹುಡುಗ ಐದಕ್ಕೆ ಮಲಗುತ್ತಾನೆ, ಮಧ್ಯಾಹ್ನ ಒಂದಕ್ಕೆ ಏಳುತ್ತಾನೆ, ಆರು ಗಂಟೆಯೊಳಗೆ ಸೂರ್ಯ ಮುಳುಗಿಯಾಯಿತು.

ಅವನ ಜೊತೆ ಮನೆಯ ಹಿರಿಯರೂ ಕತ್ತಲಲ್ಲಿ ಕೂರುತ್ತಾರಲ್ಲ, ಅದು ಇನ್ನೂ ದೊಡ್ಡ ಸಂಕಟ. ಕಲಬುರಗಿ, ರಾಯಚೂರು, ಧಾರವಾಡದಿಂದ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದವರು. ಊರಲ್ಲಿದ್ದಾಗ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ನಾಲ್ಕು ಜನರ ಜೊತೆ ಮಾತಾಡಿದವರು. ಇಲ್ಲಿ 'ಮಗ ಮಲಗ್ಯಾನ' ಅಂತ ಪರದೆ ಎಳೆದು, ಟಿವಿ ಸದ್ದು ತಗ್ಗಿಸಿ, ಇಡೀ ಬೆಳಗು ಸೋಫಾದ ಮೂಲೆಯಲ್ಲಿ ಕಳೆಯುತ್ತಾರೆ. ದಪ್ಪ ಪರದೆ ಮಲಗುವವರ ಕೋಣೆಗೆ ಮಾತ್ರ ಸಾಕು. ಹಾಲ್‌ನ ಪರದೆ ತೆಗೆಯಿರಿ.

ನಾಳೆ ಬೆಳಗ್ಗೆ ಎಂಟಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ ಮನೆಯೆಲ್ಲ ಸುತ್ತಿ ಬಿಸಿಲು ನೆಲದ ಮೇಲೆ ಎಲ್ಲಿ ಬೀಳುತ್ತದೆ ನೋಡಿ. ಅಮ್ಮನ ಕುರ್ಚಿ ಅಲ್ಲಿಗೆ ಹೋಗಲಿ. ಸೊಪ್ಪು ಬಿಡಿಸುವುದು, ಪೇಪರ್ ಓದುವುದು, ಚಹಾ ಕುಡಿಯುವುದು ಎಲ್ಲಾ ಅಲ್ಲೇ. ಬಾಲ್ಕನಿಯಲ್ಲಿ ಪೇರಿಸಿಟ್ಟ ಖಾಲಿ ಡಬ್ಬಗಳನ್ನು ಹೊರಗೆ ಹಾಕಿ. ಕಿಟಕಿಯ ಎದುರು ಗೋಡೆಗೆ ಕನ್ನಡಿ ಹಾಕಿದರೆ ಬೆಳಕು ಕೋಣೆಯೊಳಗೆ ಮರಳಿ ಬೀಳುತ್ತದೆ. ಇನ್ನು 'ಲಕ್ಕಿ ಬ್ಯಾಂಬೂ' ವಿಷಯ: ಅದು ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ ಜಾತಿಯ ಗಿಡ. ಮಬ್ಬು ಬೆಳಕಲ್ಲೂ ಬದುಕುತ್ತದೆ. ಅದು ಆರಾಮಾಗಿರುವ ಮೂಲೆಯಲ್ಲಿ ನೀವು ಮಾತ್ರ ಕೂರಬೇಡಿ.

ಗಾಜಿನ ಹಿಂದೆ ಕೂತರೆ ಬೆಳಕು ಸಿಗುತ್ತದೆ, ವಿಟಮಿನ್ ಡಿ ಸಿಗುವುದಿಲ್ಲ. ಅದಕ್ಕೆ ಮೈಮೇಲೆ ನೇರ ಬಿಸಿಲೇ ಬೀಳಬೇಕು. ಆದ್ದರಿಂದ ಬಾಲ್ಕನಿಗೋ ಕೆಳಗಿನ ಅಂಗಳಕ್ಕೋ ಬನ್ನಿ, ಸಾಧ್ಯವಾದರೆ ಬೊಟಾನಿಕಲ್ ಗಾರ್ಡನ್ ಕಡೆ ಒಂದು ಸುತ್ತು ಹೋಗಿ. ಉಬ್ಬಸವಿರುವವರು ಬಿಸಿಲೇರಿದ ಮೇಲೆ ಹೊರಡುವುದು ಒಳ್ಳೆಯದು. ಚಳಿಯ ಮುಂಜಾನೆ ಹೊಗೆ ನೆಲದ ಹತ್ತಿರವೇ ನಿಂತಿರುತ್ತದೆ. ನಮ್ಮ ಹಿರಿಯರು ಧನುರ್ಮಾಸದಲ್ಲಿ ನಸುಕಿಗೇ ಎದ್ದು ಗುಡಿಗೆ ಹೋಗಿ, ಹುಗ್ಗಿ ಪ್ರಸಾದ ತಿಂದು ಎಳೆಬಿಸಿಲಲ್ಲಿ ಮನೆಗೆ ನಡೆದು ಬರುತ್ತಿದ್ದರು. ವರ್ಷದ ಅತಿ ಚಿಕ್ಕ ಹಗಲುಗಳು ಬರುವುದೂ ಆ ತಿಂಗಳಲ್ಲೇ.

ಇಷ್ಟಾದ ಮೇಲೂ ಎರಡು ವಾರ ಬಿಡದೆ ಬೇಸರ, ನಿದ್ದೆಗೇಡು, ಊಟ ಬೇಡವೆನಿಸುವುದು, ಯಾರೊಡನೆಯೂ ಮಾತು ಬೇಡವೆನಿಸುವುದು ಇದ್ದರೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಬಿ12 ಕೊರತೆಯಿಂದಲೂ ಹೀಗಾಗುತ್ತದೆ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಿಸಿಲು ನಂಬಿ ಅದನ್ನು ನಿಲ್ಲಿಸಬಾರದು. 'ಬದುಕೇ ಬೇಡ' ಅನ್ನುವ ಮಾತು ಬಂದರೆ ಎರಡು ವಾರ ಕಾಯುವುದೂ ಬೇಡ, ಅವತ್ತೇ ಕರೆದುಕೊಂಡು ಹೋಗಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮನೆಯ ಹಿರಿಯರ ಫೋನಿನಲ್ಲಿ ಈ ನಂಬರನ್ನು ಇವತ್ತೇ ಸೇವ್ ಮಾಡಿಕೊಡಿ.