ನಮಸ್ಕಾರ ಹೇಳಿದ ಮೇಲೆ ಮುಂದೇನು?

ಪಕ್ಕದ ಮನೆಗೆ ಹೊಸಬರು ಬಂದಿದ್ದಾರೆ. ಯಜಮಾನರ ತಲೆಯ ಮೇಲೆ ಪಗಡಿ, ಆಕೆ ಸಲ್ವಾರ್ ಕಮೀಜ್ ತೊಟ್ಟವರು. ನೀವು ಸಂಭ್ರಮದಿಂದ ಗೇಟಿನ ಹತ್ತಿರ ಹೋಗಿ, ಟೀವಿಯಲ್ಲಿ ಕೇಳಿದ್ದನ್ನು ನೆನಪಿಸಿಕೊಂಡು, ಕೈ ಮುಗಿದು 'ಸತ್ ಶ್ರೀ ಅಕಾಲ್ ಜೀ' ಅಂತೀರಿ. ಆಕೆ ನಕ್ಕು, 'ಶರಣಾರ್ಥಿ ಅಕ್ಕಾರ, ಒಳಗ ಬರ್ರಿ, ಚಹಾ ಕುಡಿಯೋಣು' ಅಂತಾರೆ! ನಿಮಗೆ ಆಶ್ಚರ್ಯ. 'ಅರೇ, ಕನ್ನಡ ಎಷ್ಟು ಚೆಂದ ಮಾತಾಡ್ತೀರಿ! ಪಂಜಾಬಿಗೆ ಯಾವಾಗ ವಾಪಸ್ ಹೋಗ್ತೀರಿ?' ಎಂದು ಕೇಳಿಬಿಡುತ್ತೀರಿ. ಆಕೆಯ ನಗು ಸ್ವಲ್ಪ ಸಣ್ಣದಾಗುತ್ತದೆ. ಯಾಕೆಂದರೆ ಆಕೆ ಹುಟ್ಟಿದ್ದು, ಬೆಳೆದದ್ದು, ಶಾಲೆ ಕಲಿತದ್ದು ಎಲ್ಲ ಬೀದರಿನಲ್ಲೇ.

ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನಿಜ. ಆದರೆ ನಿಮ್ಮ ಮಾತು ಆಕೆಗೆ ಕೇಳಿಸಿದ್ದೇ ಬೇರೆ: 'ನೀನು ನಮ್ಮೂರಿನ ಅತಿಥಿ, ನಮ್ಮೂರಿನವಳಲ್ಲ.'

ಈ ನೋವು ನಮಗೆ ಹೊಸದೇ? ಬೀದರ ಕಡೆಯ ಹೆಣ್ಮಕ್ಕಳು ಬೆಂಗಳೂರಿಗೆ ಹೋದಾಗ ನೆನಪು ಮಾಡ್ಕೊಳ್ಳಿ. ಅಂಗಡಿಯಲ್ಲಿ ಎರಡು ಮಾತಾಡಿದರೆ ಸಾಕು, 'ನೀವು ಮಹಾರಾಷ್ಟ್ರದವರಾ? ಕನ್ನಡ ಪರವಾಗಿಲ್ಲ, ಚೆನ್ನಾಗಿ ಕಲ್ತಿದ್ದೀರ' ಅಂತಾರೆ. ಅವರೂ ಹೊಗಳಿದ್ದೇ! ಆದರೆ ಆ ಹೊಗಳಿಕೆ ನಮಗೆ ಚುಚ್ಚುತ್ತದೆ, ಅಲ್ವಾ? ನಮಗೆ ಚುಚ್ಚಿದ ಮುಳ್ಳು ಇನ್ನೊಬ್ಬರಿಗೂ ಚುಚ್ಚುತ್ತದೆ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹೊರಗಿನವರು ಯಾರು?

ನಿಮ್ಮ ಶೋಕೇಸಿನಲ್ಲಿ ಒಂದು ಬಿದರಿ ಹೂದಾನಿ ಇರಬಹುದು. ನೆಂಟರು ಬಂದಾಗ 'ಇದು ನಮ್ಮೂರಿನದು' ಎಂದು ಹೆಮ್ಮೆಯಿಂದ ತೋರಿಸುತ್ತೀರಿ. ಆ ಕಲೆ ಬಹಮನಿ ಅರಸರ ಕಾಲದಲ್ಲಿ ಇರಾನಿನಿಂದ ಬಂದ ಕುಶಲಕರ್ಮಿಗಳ ಜೊತೆ ಇಲ್ಲಿಗೆ ಬಂತು ಎನ್ನುತ್ತಾರೆ. 1472ರಲ್ಲಿ ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕೂಡ ಇರಾನಿನ ಗಿಲಾನ್ ಪ್ರಾಂತ್ಯದವನು. 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಬದುಕಿದ ಮೋಳಿಗೆ ಮಾರಯ್ಯನವರ ಮೂಲ ಕಾಶ್ಮೀರ ಎಂದು ಶರಣರ ಚರಿತ್ರೆ ಹೇಳುತ್ತದೆ. ಅವರನ್ನು ಯಾರಾದರೂ ಹೊರಗಿನವರು ಅಂತೀವೇನು?

ಇನ್ನು ನಮ್ಮೂರಿನಿಂದ ಹೊರಗೆ ಹೋದವರ ಕಥೆಯೂ ಇದೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋಬಿಂದ ಸಿಂಗ್ ಅವರು ಖಾಲ್ಸಾ ಕಟ್ಟಿದಾಗ, ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಹಾಗಾಗಿ ನಾನಕ್ ಝೀರಾಕ್ಕೆ ಬರುವ ಯಾತ್ರಿಕರಿಗೆ ಈ ಊರು ಪರಸ್ಥಳವಲ್ಲ, ತಮ್ಮವರೊಬ್ಬರ ತವರು. ಆದರೂ ಇದೇ ಬೀದರಿನಲ್ಲಿ 1988ರ ಸೆಪ್ಟೆಂಬರಿನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು, ಓದಲು ಬಂದ ಮಕ್ಕಳ ಜೀವ ಹೋಯಿತು. ಅದನ್ನೂ ನಾವು ಮರೆಯಬಾರದು.

ಚಾಕೊಲೇಟು, ಮೆಸೇಜು

2018ರ ಜುಲೈ 13. ಹೈದರಾಬಾದಿನಿಂದ ಕೆಲವು ಗೆಳೆಯರು ಔರಾದ್ ಕಡೆ ಬಂದಿದ್ದರು. ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು ಚಾಕೊಲೇಟ್ ಕೊಟ್ಟರು. ಮಕ್ಕಳನ್ನು ಕಂಡರೆ ನೀವು, ನಾನು ಮಾಡುವುದೂ ಅದನ್ನೇ. ಆದರೆ ಆಗ ಎಲ್ಲೆಲ್ಲೂ 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ವಾಟ್ಸಪ್ ಸುದ್ದಿ ಹರಿದಾಡುತ್ತಿತ್ತು. ಕೇಳಿ ತಿಳಿಯುವಷ್ಟರಲ್ಲಿ ಮೆಸೇಜು ಮುಂದಿನ ಊರಿಗೆ ಮುಟ್ಟಿತ್ತು. ಮುರ್ಕಿ ಗ್ರಾಮದಲ್ಲಿ ದಾರಿ ಅಡ್ಡಗಟ್ಟಿದ್ದರು. ಕಾರು ಉರುಳಿತು. ಜನ ಹೊಡೆದರು. ಒಬ್ಬ ಯುವ ಇಂಜಿನಿಯರ್ ಸತ್ತರು, ಜೊತೆಗಿದ್ದವರಿಗೆ ಗಾಯಗಳಾದವು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಆಮೇಲೆ ಬಂಧಿತರಾದವರಲ್ಲಿ ವಾಟ್ಸಪ್ ಗುಂಪಿನ ಅಡ್ಮಿನ್ ಕೂಡ ಇದ್ದ.

ಗವಾನನ ಜೀವ ತೆಗೆದದ್ದೂ ಒಂದು ಸುಳ್ಳು ಓಲೆಯೇ. ದಖನಿಗಳು, ಹೊರದೇಶದಿಂದ ಬಂದವರು ಎಂಬ ಜಗಳದಲ್ಲಿ ಅವನ ಮುದ್ರೆ ಹಾಕಿದ ಖೊಟ್ಟಿ ಪತ್ರ ಸೃಷ್ಟಿಸಿ ಸುಲ್ತಾನನಿಗೆ ತೋರಿಸಿದರು. ಸುಲ್ತಾನ ಹಿಂದೆಮುಂದೆ ವಿಚಾರಿಸಲಿಲ್ಲ. 1481ರಲ್ಲಿ ಆ ವೃದ್ಧ ಮಂತ್ರಿಯ ತಲೆ ಹೋಯಿತು. ಅಂದು ಓಲೆ, ಇಂದು ಮೆಸೇಜು. ನಾವು ನಗುತ್ತಾ ಕೈ ಮುಗಿದರೂ, ಎದುರಿಗಿದ್ದವರ ಪರಿಚಯ ಮಾಡಿಕೊಳ್ಳದೇ ಇದ್ದರೆ ಆ ಖಾಲಿ ಜಾಗವನ್ನು ಗಾಳಿಮಾತು ತುಂಬುತ್ತದೆ.

'ಬಂದವರು ಕನ್ನಡ ಕಲಿಯಬಾರದೇ?'

ಕಲಿಯಬೇಕು, ಖಂಡಿತ. ಆದರೆ ಕಲಿಸುವವರು ಯಾರು? ನಿಜಾಮನ ಕಾಲದಲ್ಲಿ ನಮ್ಮ ನೆಲದಲ್ಲೇ ಕನ್ನಡಕ್ಕೆ ಜಾಗ ಇರಲಿಲ್ಲ. ಆಗ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಅವರ ಕೈಯಲ್ಲಿದ್ದದ್ದು ತಾಳ್ಮೆ ಒಂದೇ. ತರಕಾರಿ ಗಾಡಿಯ ಹತ್ತಿರ ನಿಂತಾಗ, ಏರ್‌ಫೋರ್ಸ್‌ನಿಂದ ವರ್ಗವಾಗಿ ಬಂದ ಹೆಣ್ಮಗಳಿಗೆ 'ಇದಕ್ಕ ಬದ್ನಿಕಾಯಿ ಅಂತಾರ' ಎಂದು ಒಂದು ಶಬ್ದ ಕಲಿಸಿ. ಅದು ಬೈದು ಕಲಿಸುವುದಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಇಷ್ಟು ಮಾಡಿ ನೋಡಿ

* ಹೆಸರು ಕೇಳಿ. ನೇಪಾಳದಿಂದ ಬಂದ ಕಾವಲುಗಾರರೆಲ್ಲ 'ಬಹಾದ್ದೂರ್' ಅಲ್ಲ, ಪಾನಿಪುರಿ ಮಾರುವವರೆಲ್ಲ 'ಏ ಭೈಯ್ಯಾ' ಅಲ್ಲ. ಮಕ್ಕಳ ಎದುರಿಗೆ ನೀವು ಹೆಸರು ಹಿಡಿದು ಕರೆದರೆ ಮಕ್ಕಳೂ ಹಾಗೇ ಕಲಿಯುತ್ತವೆ.

* ವೇಷ ನೋಡಿ ಭಾಷೆ ಬದಲಿಸಬೇಡಿ. ಬುರ್ಖಾ ಕಂಡ ತಕ್ಷಣ ಹಿಂದಿಗೆ ಹೊರಳುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗಿದೆ. ಮೊದಲು ಕನ್ನಡದಲ್ಲೇ ಮಾತಾಡಿಸಿ. ಆಕೆಗೆ ಬಾರದಿದ್ದರೆ ಆಮೇಲೆ ಹಿಂದಿ ಇದ್ದೇ ಇದೆ.

* ಅವರು ಹೇಳಿದಂತೆ ಉತ್ತರಿಸಿ. ನಮ್ಮ ಜಿಲ್ಲೆಯಲ್ಲಿ ಶರಣು ಶರಣಾರ್ಥಿ, ಸಲಾಂ, ಜೈ ಭೀಮ್, ಮರಾಠಿಯವರ ರಾಮ್ ರಾಮ್ ಎಲ್ಲವೂ ಕೇಳಿಸುತ್ತವೆ. ಅವರು ಹೇಳಿದ್ದನ್ನೇ ತಿರುಗಿ ಹೇಳಿದರೆ ಎಷ್ಟು ಖುಷಿಪಡುತ್ತಾರೆ ನೋಡಿ. ಗೊತ್ತಾಗದಿದ್ದರೆ ನಮಸ್ಕಾರ ಸಾಕು.

* ಹಬ್ಬದ ಅರ್ಥ ತಿಳಿದು ಶುಭಾಶಯ ಹೇಳಿ. ರಂಜಾನಿಗೆ 'ಈದ್ ಮುಬಾರಕ್' ಸರಿ. ಆದರೆ ಮೊಹರಂನ ಹತ್ತನೇ ದಿನ ಕರ್ಬಲಾದಲ್ಲಿ ಮಡಿದವರನ್ನು ನೆನೆಯುವ ದಿನ. ಅಂದು 'ಹ್ಯಾಪಿ ಮೊಹರಂ' ಎಂದು ಹೂಗುಚ್ಛದ ಚಿತ್ರ ಕಳಿಸಬೇಡಿ. ಗುಡ್ ಫ್ರೈಡೇ ಕೂಡ ಹಾಗೇ, ಏಸು ಶಿಲುಬೆಗೇರಿದ ದಿನ. 'ನಿಮ್ಮನ್ನ ನೆನೆದೆ' ಎಂದರೆ ಸಾಕು.

* 'ನೀವು ನಿಮ್ಮವರ ಹಂಗ ಇಲ್ಲ ಬಿಡ್ರಿ, ಬಹಳ ಒಳ್ಳೆಯವರು' ಎಂಬ ಹೊಗಳಿಕೆ ಬೇಡವೇ ಬೇಡ. ಒಬ್ಬರನ್ನು ಹೊಗಳಲು ಅವರ ಇಡೀ ಬಳಗವನ್ನು ಬೈದಂತೆ ಆಗುತ್ತದೆ.

* 'ಮೂಲ ಯಾವೂರು?' ಎಂಬ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಬೇಡಿ. 'ಮಕ್ಕಳು ಯಾವ ಶಾಲೆಗೆ ಹೋಗ್ತಾರ? ಇಲ್ಲಿ ಬಿಸಲು ತಡಕೊಳ್ತೀರೇನು?' ಎಂದು ಶುರು ಮಾಡಿ. ಊರಿನ ಕಥೆ ತಾನಾಗಿ ಬರುತ್ತದೆ.

* ಡಬ್ಬಿಯಲ್ಲಿ ತಿಂಡಿ ಕಳಿಸುವ ಮೊದಲು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂದು ಕೇಳಿಕೊಳ್ಳಿ. ಕೇಳಿದ್ದಕ್ಕೆ ಯಾರೂ ಬೇಜಾರಾಗುವುದಿಲ್ಲ.

* 'ಅಪರಿಚಿತರು ತಿರುಗಾಡುತ್ತಿದ್ದಾರೆ, ಎಚ್ಚರ' ಎಂಬ ಮೆಸೇಜು ಬಂದರೆ ನಿಮ್ಮ ಫೋನಿನಲ್ಲೇ ನಿಲ್ಲಿಸಿ. ನಿಜವಾಗಿಯೂ ಅನುಮಾನ ಬಂದರೆ 112ಕ್ಕೆ ಕರೆ ಮಾಡಿ. ಮಹಿಳಾ ಮಂಡಳದ ಗುಂಪಿಗೆ ಹಾಕುವುದು ಪೊಲೀಸರಿಗೆ ತಿಳಿಸಿದಂತಲ್ಲ.

ಮಕ್ಕಳಿಗೆ 'ಪರಿಚಯ ಇಲ್ಲದವರು ಕೊಟ್ಟದ್ದು ತಿನ್ನಬ್ಯಾಡ' ಎಂದು ಹೇಳುವುದು ತಾಯಿಯ ಕರ್ತವ್ಯ, ಅದನ್ನು ಬಿಡಬೇಡಿ. ಜೊತೆಗೆ ಇನ್ನೊಂದು ಮಾತು ಸೇರಿಸಿ: 'ಅವರು ಕಳ್ಳರು ಅಂತ ಅಲ್ಲ, ಮನೆಯಾಗ ಕೇಳಿ ತಿನ್ನು.' ಎಚ್ಚರಿಕೆಯೇ ಬೇರೆ, ದ್ವೇಷವೇ ಬೇರೆ. ಎರಡರ ನಡುವಿನ ಗೆರೆಯನ್ನು ಮಕ್ಕಳು ಕಲಿಯುವುದು ನಮ್ಮ ಅಡುಗೆಮನೆಯಲ್ಲೇ.

ಈ ಸಲ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೊರಟಾಗ ಬುಟ್ಟಿಯಲ್ಲಿ ಭಜ್ಜಿ, ಸಜ್ಜಿ ರೊಟ್ಟಿ ನಾಲ್ಕು ಜನಕ್ಕೆ ಜಾಸ್ತಿ ಇರಲಿ. ಪಕ್ಕದ ಮನೆಯ ಹೊಸಬರನ್ನೂ ಕರೆದುಕೊಂಡು ಹೋಗಿ. ಒಂದೇ ಬುಟ್ಟಿಯ ರೊಟ್ಟಿ ಮುರಿದು ತಿಂದವರ ಬಗ್ಗೆ ನಾಳೆ ಯಾವ ಮೆಸೇಜು ಬಂದರೂ, ನೀವು ಮೊದಲು ಅವರ ಬಾಗಿಲು ತಟ್ಟುತ್ತೀರಿ. ಏನಂತೀರಿ?